ಪೆಟ್ಟಿಗೆ ಸಣ್ಣದಾಯ್ತು, ರೇಟು?

ನಮಸ್ಕಾರ, ಮಂಗಳೂರಿನಿಂದ. ಇವತ್ತು ಸ್ಲಿಮ್ ಕನ್ಸೋಲ್‌ಗಳ, ಅಂದರೆ ಸಣ್ಣದು ಮಾಡಿದ ವಿಡಿಯೋ ಗೇಮ್ ಮೆಷಿನ್‌ಗಳ ವಿಚಾರ. ಮೂರ್ನಾಲ್ಕು ವರ್ಷ ಆಗುವಷ್ಟರಲ್ಲಿ ಕಂಪನಿಗಳು ಅದೇ ಮೆಷಿನ್ನನ್ನು ಸಣ್ಣದು ಮಾಡಿ ಮತ್ತೆ ಯಾಕೆ ಬಿಡುತ್ತವೆ?

ಸೋನಿಯ ಪಿಎಸ್3, ಅಂದರೆ ಪ್ಲೇಸ್ಟೇಷನ್ 3 ನೋಡಿ. 2006ರಲ್ಲಿ ಬಂದಾಗ ಅಮೆರಿಕದಲ್ಲಿ ಅದರ 60 ಜಿಬಿ ಮಾಡೆಲ್‌ಗೆ 599 ಡಾಲರ್. ಅಷ್ಟಿದ್ದರೂ ಸೋನಿ ನಷ್ಟದಲ್ಲೇ ಮಾರುತ್ತಿತ್ತು. ಲಾಭ ಬರಬೇಕಾದದ್ದು ಗೇಮ್‌ಗಳಿಂದ. ಅದಕ್ಕೆ ಮೆಷಿನ್ ಜಾಸ್ತಿ ಮನೆಗಳಿಗೆ ಹೋಗಬೇಕು, ಅಲ್ವಾ? 2009ರಲ್ಲಿ ಸ್ಲಿಮ್ ಬಂತು, 299 ಡಾಲರ್‌ಗೆ. ಹೆಚ್ಚುಕಡಿಮೆ ಅರ್ಧ ರೇಟು!

ಹೇಗೆ ಸಾಧ್ಯವಾಯ್ತು? ಒಳಗಿನ ಸೆಲ್ ಎಂಬ ಮುಖ್ಯ ಚಿಪ್‌ನ ತಯಾರಿಕೆಯ ಸೂಕ್ಷ್ಮ ಅಳತೆ 90 ನ್ಯಾನೋಮೀಟರ್‌ನಿಂದ 45ಕ್ಕೆ ಇಳಿದಿತ್ತು. ಚಿಪ್ ಸಣ್ಣದಾದರೆ ಒಂದೇ ಸಿಲಿಕಾನ್ ಬಿಲ್ಲೆಯಲ್ಲಿ ಜಾಸ್ತಿ ಚಿಪ್ ಸಿಗುತ್ತವೆ. ಕರೆಂಟು ಕಡಿಮೆ ಎಳೆಯುತ್ತದೆ, ಬಿಸಿಯೂ ಕಡಿಮೆ. ಬಿಸಿ ಕಡಿಮೆಯಾದರೆ ಬಿಸಿ ಹೊರಹಾಕುವ ಹೀಟ್‌ಸಿಂಕ್, ಪವರ್ ಸಪ್ಲೈ ಎಲ್ಲ ಚಿಕ್ಕದೇ ಸಾಕು. ಪೆಟ್ಟಿಗೆ ಚಿಕ್ಕದಾದರೆ ಒಂದು ಕಂಟೇನರ್‌ಗೆ ಇನ್ನಷ್ಟು ತುಂಬಬಹುದು. ಪಣಂಬೂರು ಬಂದರಿನಲ್ಲಿ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇ ತಿಂಗಳ ಸೆಕೆಯಲ್ಲಿ ಕೂತು ಆಡುವ ನಮಗೂ ಬಿಸಿ ಇಳಿದದ್ದು ದೊಡ್ಡ ಉಪಕಾರವೇ.

ಆದರೆ ಕೆಲವೊಮ್ಮೆ ಇದ್ದದ್ದನ್ನೇ ತೆಗೆದುಬಿಡುತ್ತಾರೆ. ಮೊದಲು ಬಂದ ಪಿಎಸ್3ರಲ್ಲಿ ಪಿಎಸ್2 ಡಿಸ್ಕ್ ಓಡುತ್ತಿತ್ತು, ಸ್ಲಿಮ್‌ನಲ್ಲಿ ಇಲ್ಲ. ನಿಂಟೆಂಡೊ ಕಂಪನಿ ತನ್ನ ವೀ ಕನ್ಸೋಲನ್ನು ಸಣ್ಣದು ಮಾಡಿ ಬಿಟ್ಟ 2012ರ ವೀ ಮಿನಿಯಲ್ಲಂತೂ ಇಂಟರ್ನೆಟ್ಟೇ ಇಲ್ಲ. ಎಲ್ಲ ಕತ್ತರಿಯೂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನಿಂಟೆಂಡೊದ 3ಡಿಎಸ್, ಕೈಯಲ್ಲಿ ಹಿಡಿದು ಆಡುವ ಮೆಷಿನ್. 2013ರಲ್ಲಿ ಅದರ ಇನ್ನೊಂದು ರೂಪವಾದ 2ಡಿಎಸ್‌ನಲ್ಲಿ 3ಡಿ ಚಿತ್ರ ತೆಗೆದರು, ಮಡಚುವುದನ್ನೂ ತೆಗೆದರು. ಗೇಮ್‌ಗಳು ಮಾತ್ರ ಅವೇ ಓಡಿದವು. ಪುಟ್ಟ ಮಕ್ಕಳಿಗೆ 3ಡಿ ಬೇಡ ಅಂತ ನಿಂಟೆಂಡೊನೇ ಹೇಳಿತ್ತು. ಅದು ನ್ಯಾಯವಾದ ಕೆಲಸ.

ನನಗೆ ಸಿಟ್ಟು ಬರುವುದು ಈಗಿನದ್ದರ ಮೇಲೆ. 2023ರಲ್ಲಿ ಪಿಎಸ್5 ಸಣ್ಣದಾಯ್ತು. ಆಗ ಅಮೆರಿಕದಲ್ಲಿ ಡಿಸ್ಕ್ ಮಾಡೆಲ್ ಅದೇ 499 ಡಾಲರ್‌ನಲ್ಲಿ ಉಳಿಯಿತು. ಡಿಸ್ಕ್ ಇಲ್ಲದ್ದು 399ರಿಂದ 449ಕ್ಕೆ ಏರಿತು! ಆಮೇಲೆ ಡಿಸ್ಕ್ ಓಡಿಸುವ ಡ್ರೈವ್ ಬೇಕಾದರೆ ಇನ್ನೂ 80 ಡಾಲರ್ ಹತ್ತಿರ ಕೊಡಬೇಕಿತ್ತು. ಹೊಸ ಚಿಪ್ ಮಾಡುವ ಖರ್ಚು ಏರಿದೆ, ಒಪ್ಪುತ್ತೇನೆ. ಆದರೆ ಡ್ರೈವ್ ಹೋದರೆ ನಮ್ಮ ಕೈಯಲ್ಲಿ ಏನು ಉಳಿಯಿತು? ಪ್ರತಿ ಗೇಮ್ ಸೋನಿಯವರ ಆನ್‌ಲೈನ್ ಸ್ಟೋರ್‌ನಲ್ಲೇ, ಅವರು ಹೇಳಿದ ರೇಟಿಗೇ. ಆಡಿ ಮುಗಿದ ಡಿಸ್ಕನ್ನು ಉಡುಪಿಯ ಅತ್ತೆ ಮಗನಿಗೆ ಕೊಟ್ಟು ಅವನ ಡಿಸ್ಕ್ ತರುವುದು, ಹಳೇದನ್ನು ಮಾರಿ ಹೊಸದಕ್ಕೆ ದುಡ್ಡು ಹೊಂದಿಸುವುದು, ಎರಡೂ ಬಂದ್. ಕಾಲೇಜು ಹುಡುಗರು ಗೇಮ್ ಆಡಿಕೊಂಡು ಬಂದದ್ದೇ ಹಾಗೆ.

ದುಬೈಯಿಂದ ರಜೆಗೆ ಬರುವ ಮಾವನ ಹತ್ತಿರ ಕನ್ಸೋಲ್ ತರಿಸುವವರು ಫೋನಿನಲ್ಲೇ ಸ್ಪಷ್ಟವಾಗಿ ಹೇಳಿಬಿಡಿ: ಡಿಸ್ಕ್ ಹಾಕುವ ಜಾಗ ಇರುವುದೇ ಬೇಕು. ಪೆಟ್ಟಿಗೆಯ ಮೇಲೆ ಡಿಜಿಟಲ್ ಎಡಿಷನ್ ಅಂತ ಬರೆದಿದ್ದರೆ, ನೂರು ದಿರ್ಹಮ್ ಉಳಿದರೂ, ತರುವುದು ಬೇಡ ಮಾವ ಅನ್ನಿ.