ಮೊದಲ ಟ್ರಾನ್ಸಿಸ್ಟರಿನ ಪಾಡು

ಕೇಳುಗರಿಗೆ ನಮಸ್ಕಾರ. ಗುಬ್ಬಿ, ತಿಪಟೂರು ಕಡೆಯ ಹಿರಿಯರು ಹೇಳುವ ತತ್ವಪದ, ಸೋಬಾನೆ ಪದಗಳನ್ನು ಧ್ವನಿಮುದ್ರಿಸಿಕೊಂಡು ತುಮಕೂರಿಗೆ ಮರಳುವವರ ದೂರು ಹೆಚ್ಚಾಗಿ ಒಂದೇ: ಹಾಡಿನ ಹಿಂದೆ ಸುಯ್ಯೆನ್ನುವ ಸದ್ದು. ಪಾಪ, ಬೈಗುಳವೆಲ್ಲ ಮೈಕಿಗೆ. ನಾನು ಪ್ರೀಆಂಪ್ಲಿಫೈಯರಿನ, ಅಂದರೆ ಮೈಕಿನ ಪುಟ್ಟ ಸಂಕೇತವನ್ನು ಮೊದಲು ಹಿಗ್ಗಿಸುವ ಸರ್ಕಿಟ್ಟಿನ, ಮೊದಲ ಟ್ರಾನ್ಸಿಸ್ಟರನ್ನು ಅನುಮಾನಿಸುತ್ತೇನೆ.

ಮೆಲುದನಿಗೆ ಡೈನಮಿಕ್ ಮೈಕ್ ಕೊಡುವುದು ಮಿಲಿವೋಲ್ಟಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಅದನ್ನು ಸಾವಿರ ಪಟ್ಟು ಹಿಗ್ಗಿಸುವಾಗ ಮೊದಲ ಹಂತದಲ್ಲಿ ಸೇರಿದ ಗದ್ದಲವೂ ಅಷ್ಟೇ ಹಿಗ್ಗುತ್ತದೆ. ಮುಂದೆ ಎಂಥ ದುಬಾರಿ ಐ.ಸಿ. ಹಾಕಿದರೂ ದನಿಯನ್ನೂ ಗದ್ದಲವನ್ನೂ ಬೇರ್ಪಡಿಸಲಾಗದು.

ರೆಸಿಸ್ಟರ್, ಅಂದರೆ ಕರೆಂಟಿಗೆ ರೋಧ ಒಡ್ಡುವ ಬಿಡಿಭಾಗ, ಕೋಣೆಯ ಬಿಸಿಗೇ ಸದ್ದು ಮಾಡುವ ವಸ್ತು. ಬೆಲ್ ಪ್ರಯೋಗಾಲಯದ ಜಾನ್ಸನ್ ಇದನ್ನು ಅಳೆದರು, ನೈಕ್ವಿಸ್ಟ್ ಲೆಕ್ಕ ಕಟ್ಟಿದರು. ಎರಡೂ 1928ರಲ್ಲಿ ಪ್ರಕಟವಾದವು. ಆ ಲೆಕ್ಕದಂತೆ 200 ಓಮ್ ರೋಧದ ಮೈಕಿನಲ್ಲಿಯೇ, 20 ಕಿಲೋಹರ್ಟ್ಸ್ ವ್ಯಾಪ್ತಿಗೆ, ಸುಮಾರು ಕಾಲು ಮೈಕ್ರೋವೋಲ್ಟ್ ಗದ್ದಲ ಇದ್ದೇ ಇರುತ್ತದೆ. ಅದರ ಮೇಲೆ ಇನ್ನಷ್ಟು ಸುರಿಯದಿರುವುದಷ್ಟೇ ನಮ್ಮ ಕೈಲಿರುವುದು.

ಟ್ರಾನ್ಸಿಸ್ಟರಿಗೆ ಮೂರು ಕಾಲು: ಸಂಕೇತ ಒಳಬರುವ ಬೇಸ್, ಹಿಗ್ಗಿ ಹೊರಡುವ ಕಲೆಕ್ಟರ್, ಮತ್ತು ಎಮಿಟರ್. ಗದ್ದಲ ಸುರಿಯುವುದು ಹೇಗೆಂದರೆ, ಎಮಿಟರಿನಲ್ಲಿ 1 ಕಿಲೋ ಓಮ್ ರೆಸಿಸ್ಟರನ್ನು ಒಂಟಿಯಾಗಿ ಬಿಟ್ಟು! ಅದರ ಗದ್ದಲ ನೇರವಾಗಿ ಮೈಕಿನ ಸಂಕೇತದೊಡನೆ ಸೇರಿ, ಒಟ್ಟು ಗದ್ದಲ ಎರಡೂವರೆ ಪಟ್ಟಿನ ಹತ್ತಿರಕ್ಕೆ ಏರುತ್ತದೆ. ಕಿಲೋ ಓಮ್ ಇರಲಿ, ಬಯಾಸಿಗೆ, ಅಂದರೆ ಟ್ರಾನ್ಸಿಸ್ಟರಿನಲ್ಲಿ ಸದಾ ಹರಿಯುವ ಕರೆಂಟನ್ನು ಗೊತ್ತುಮಾಡಲು, ಅದು ಬೇಕು. ಅದಕ್ಕೆ ಸಮಾನಾಂತರವಾಗಿ 22 ಓಮ್ ಮತ್ತು 1000 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಸರಣಿಯಲ್ಲಿ ಜೋಡಿಸಿ. ಹೆಚ್ಚುವರಿ ಗದ್ದಲ ಅರ್ಧ ಡೆಸಿಬೆಲ್ಲಿಗೆ ಇಳಿಯುತ್ತದೆ. ರೆಸಿಸ್ಟರುಗಳು ಮೆಟಲ್ ಫಿಲ್ಮ್ ಆಗಿರಲಿ. ಹಳೆಯ ಕಾರ್ಬನ್ ಜಾತಿಯವು ಕರೆಂಟ್ ಹರಿದಾಗ ಬೇರೆ ಗೊಣಗುತ್ತವೆ.

ಇನ್ನು ಕರೆಂಟಿನ ವಿಚಾರ. ಕಡಿಮೆ ಕರೆಂಟ್ ಎಂದರೆ ಕಡಿಮೆ ಗದ್ದಲ ಎಂಬ ನಂಬಿಕೆ ಗಟ್ಟಿಯಾಗಿ ಕುಳಿತಿದೆ. ಸಂಕೇತ ಬರುವ ಮೂಲದ ರೋಧ ಹತ್ತಾರು ಕಿಲೋ ಓಮ್ ಇದ್ದಾಗ ಅದು ಸರಿ. 200 ಓಮಿನ ಮೈಕಿಗೆ ಅದೇ ಎಡವಟ್ಟು. ಕಲೆಕ್ಟರ್ ಕರೆಂಟ್ 0.1 ಮಿಲಿ ಆಂಪಿಯರ್ ಇದ್ದರೆ ಟ್ರಾನ್ಸಿಸ್ಟರ್ ತಾನೇ 130 ಓಮಿನ ರೆಸಿಸ್ಟರಿನಷ್ಟು ಸದ್ದು ಮಾಡುತ್ತದೆ. 2 ಮಿಲಿ ಆಂಪಿಯರಿನಲ್ಲಿ ಏಳು ಓಮಿಗೂ ಕಡಿಮೆ. ಅಲ್ಲಿಂದಾಚೆ ಉಳಿಯುವ ತಕರಾರು ಬೇಸಿನ ಒಳರೋಧದ್ದು. ಬಿ.ಸಿ. 549ರಂಥ ಪುಟ್ಟ ಟ್ರಾನ್ಸಿಸ್ಟರಿನಲ್ಲಿ ಅದು ನೂರು ಓಮ್ ಮೀರುವುದುಂಟು. ಎರಡು ಮೂರನ್ನು ಸಮಾನಾಂತರವಾಗಿ ಕಟ್ಟಿದರೆ ಅಷ್ಟು ಪಾಲಾಗಿ ಇಳಿಯುತ್ತದೆ. ಅಂಗಡಿಯವರು ‘ಲೋ ನಾಯ್ಸ್’ ಎಂದು ತೋರಿಸುವ ದುಬಾರಿ ಬಿಡಿಭಾಗಕ್ಕಿಂತ ಈ ಉಪಾಯವೇ ನನಗೆ ಇಷ್ಟ.

ಗುಂಯ್ಯೆನ್ನುವ 100 ಹರ್ಟ್ಸ್ ಸದ್ದು ಬಂದರೆ ಅದು ಬೇರೆ ಕಥೆ, ವಿದ್ಯುತ್ ಪೂರೈಕೆಯದು. ಪೂರೈಕೆಯಿಂದ ಬೇಸಿಗೆ ಹೋಗುವ ಮೇಲಿನ ರೆಸಿಸ್ಟರಿನ ಬದಲು ಸರಣಿಯಲ್ಲಿ ಎರಡನ್ನು ಹಾಕಿ, ನಡುವಿನಿಂದ ಸರ್ಕಿಟ್ಟಿನ ನೆಲಕ್ಕೆ (ಗ್ರೌಂಡಿಗೆ) 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ.

ಪರೀಕ್ಷೆಗೆ ಮೈಕ್ ತೆಗೆದು, ತಗಡಿನ ಡಬ್ಬಿಯೊಳಗೆ 200 ಓಮ್ ರೆಸಿಸ್ಟರ್ ಇಟ್ಟು ಹೆಡ್‌ಫೋನಿನಲ್ಲಿ ಕೇಳಿ. ಆಮೇಲೆ ಆ ರೆಸಿಸ್ಟರನ್ನು ಶಾರ್ಟ್ ಮಾಡಿ. ಶಾರ್ಟ್ ಮಾಡುವುದು ಇನ್‌ಪುಟ್ ಕೆಪಾಸಿಟರಿನ ಮೈಕ್ ಕಡೆಯ ತುದಿಯಲ್ಲಿರಲಿ; ಬೇಸಿನ ಕಡೆ ಮಾಡಿದರೆ ಬಯಾಸೇ ಹೋದೀತು. ಸದ್ದು ಸ್ಪಷ್ಟವಾಗಿ ಕುಗ್ಗಿದರೆ ನೀವು ಮೊದಲು ಕೇಳಿದ್ದು ಬಹುಪಾಲು ಆ 200 ಓಮಿನದೇ. ಕುಗ್ಗದಿದ್ದರೆ ಮತ್ತೆ ಎಮಿಟರಿನಿಂದ ಹುಡುಕಲು ಶುರುಮಾಡಿ. ನಮಸ್ಕಾರ.