‘ನಂಗೆ ಅದು ಆಗಿಬರಲ್ಲ’ ಅಂತ ಸಂಗಾತಿ ಹೇಳಿದ್ದು ನಂಬೋಕೆ ಆಗ್ತಿಲ್ವಾ? ಪರೀಕ್ಷೆ ಮಾಡೋ ಸರಿಯಾದ ದಾರಿ

[ದೃಶ್ಯ: ಮೇಜಿನ ಮೇಲೆ ಹಾಲು ತುಂಬಿದ ಒಂದೇ ಥರದ ಎರಡು ಲೋಟ]

ನಮಸ್ಕಾರ. ನಿಮ್ಮ ಗಂಡನೋ ಹೆಂಡತಿಯೋ ಒಂದು ದಿನ ಹಾಲು ಬಿಟ್ಟುಬಿಡ್ತಾರೆ. ಇಲ್ಲಾ ಗೋಧಿ ಬಿಡ್ತಾರೆ. ಡಾಕ್ಟರ್ ಹೇಳಿದ್ದಲ್ಲ, ಅವರೇ ಕಂಡುಕೊಂಡಿದ್ದು. ಅಡುಗೆ ಬೇರೆಯಾಗುತ್ತೆ, ಹೊರಗೆ ಊಟಕ್ಕೆ ಹೋಗೋದು ಕಷ್ಟ ಆಗುತ್ತೆ. ಹಾಲು ಮುಟ್ಟದವರು ಚೀಸ್ ಮಾತ್ರ ಆರಾಮಾಗಿ ತಿಂತಿರ್ತಾರೆ. ನಿಮಗೆ ಅನುಮಾನ ಶುರುವಾಗುತ್ತೆ. ಹೇಳಿದ್ರೆ ಜಗಳ, ಹೇಳದಿದ್ರೆ ಒಳಗೊಳಗೇ ಕಿರಿಕಿರಿ.

ಈ ಅನುಮಾನದಲ್ಲಿ ಎರಡು ಪ್ರಶ್ನೆ ಅಂಟಿಕೊಂಡಿವೆ. ಅವನ್ನ ಮೊದಲು ಬಿಡಿಸಿಕೊಳ್ಳಿ. ಅವರಿಗೆ ನಿಜವಾಗಲೂ ತೊಂದರೆ ಆಗ್ತಿದೆಯಾ ಅನ್ನೋದು ಒಂದು. ಆ ತೊಂದರೆಗೆ ಕಾರಣ ಅದೇ ಪದಾರ್ಥನಾ ಅನ್ನೋದು ಇನ್ನೊಂದು. ಹೊಟ್ಟೆ ಉಬ್ಬರ, ನುಲಿತ, ಭೇದಿ ಅನುಭವಿಸೋರು ಅವರು, ಹಾಗಾಗಿ ಮೊದಲನೇ ಪ್ರಶ್ನೆಗೆ ಅವರ ಮಾತೇ ಸಾಕು. ಅನುಮಾನ ಪಡಬಹುದಾದದ್ದು ಎರಡನೇದನ್ನ ಮಾತ್ರ. ಅದು ಊಹೆ, ಊಹೆಯನ್ನ ಪರೀಕ್ಷೆ ಮಾಡಬಹುದು.

ಆದರೆ ಒಂದು ಪರೀಕ್ಷೆಯನ್ನ ಯಾವತ್ತೂ ಮಾಡಬೇಡಿ. ಹೇಳದೆ ಕೇಳದೆ ಊಟದಲ್ಲಿ ಆ ಪದಾರ್ಥ ಬೆರೆಸಿ, "ನೋಡು, ತಿಂದೆ, ಏನೂ ಆಗಲಿಲ್ಲ" ಅನ್ನೋದು. ಅವರು ಇಂಟಾಲರೆನ್ಸ್ (ಒಂದು ಆಹಾರ ಹೊಟ್ಟೆಗೆ ಒಗ್ಗದೆ ಇರೋದು) ಅಂದುಕೊಂಡಿರೋದು ಅಸಲಿಗೆ ಅಲರ್ಜಿ (ದೇಹದ ರಕ್ಷಣಾ ವ್ಯವಸ್ಥೆಯೇ ಆ ಆಹಾರದ ಮೇಲೆ ತಿರುಗಿಬೀಳೋದು) ಆಗಿದ್ರೆ ಜೀವಕ್ಕೇ ಅಪಾಯ. ಅಪಾಯ ಆಗಲಿಲ್ಲ ಅಂದ್ರೂ ಒಂದೇ ಸಲದ ಪ್ರಯೋಗದಿಂದ ಏನೂ ಗೊತ್ತಾಗಲ್ಲ, ಯಾಕಂದ್ರೆ ಇಂಟಾಲರೆನ್ಸ್ ಅನ್ನೋದು ಪ್ರಮಾಣದ ಮೇಲೆ ನಿಂತಿರೋ ವಿಷಯ. ವಿಷಯ ಹೊರಗೆ ಬಂದ ದಿನದಿಂದ ನೀವು ಬಡಿಸಿದ ತಟ್ಟೆಯನ್ನ ಅವರು ನಂಬೋದೂ ಇಲ್ಲ. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಹೊಟ್ಟೆ ಮೇಲೆ ಪ್ರಯೋಗ ಮಾಡೋದು ತಪ್ಪು. ಅದರಲ್ಲಿ ಎರಡು ಮಾತಿಲ್ಲ.

[ತೆರೆಯ ಮೇಲೆ: ‘ಹಾಲು ಆಗಲ್ಲ, ಚೀಸ್ ಆಗುತ್ತೆ’ ಅಂದ್ರೆ ಸುಳ್ಳಾ?]

ಸಂಗಾತಿ ಒಂದೊಂದು ದಿನ ಒಂದೊಂದು ಥರ ಹೇಳ್ತಾರೆ ಅನ್ನೋದೇ ಅನುಮಾನದ ಮೂಲ. ಇದರಲ್ಲಿ ಬಹಳಷ್ಟಕ್ಕೆ ನೇರವಾದ ಕಾರಣ ಇದೆ. ಹಾಲಲ್ಲಿರೋ ಸಕ್ಕರೆಗೆ ಲ್ಯಾಕ್ಟೋಸ್ ಅಂತಾರೆ, ಅದು ಜೀರ್ಣ ಆಗದಿದ್ರೆ ಹೊಟ್ಟೆ ಕೆಡಬಹುದು. 250 ಮಿಲಿಲೀಟರ್ ಹಾಲಿನಲ್ಲಿ ಅದು ಸುಮಾರು 12 ಗ್ರಾಂ ಇರುತ್ತೆ. ಹಳೆಯದಾಗಿ ಗಟ್ಟಿಯಾದ ಚೀಸ್‌ನಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೊಸರಲ್ಲಿರೋ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸ್ ಒಡೆಯೋಕೆ ತಾವೇ ಸಹಾಯ ಮಾಡ್ತವೆ. ಖಾಲಿ ಹೊಟ್ಟೆಗೆ ಕುಡಿದ ಹಾಲು ಕರುಳಿಗೆ ಬೇಗ ಇಳಿಯುತ್ತೆ, ಊಟದ ಜೊತೆ ಕುಡಿದದ್ದು ನಿಧಾನ. ಹಾಗಾಗಿ ಚೀಸ್ ತಿಂದು ಹಾಲು ಬೇಡ ಅನ್ನೋರು ಸರಿಯಾಗೇ ಹೇಳ್ತಿರಬಹುದು.

ಹಸಿ ಸೇಬು ತಿಂದ್ರೆ ಬಾಯಿ ತುರಿಸುತ್ತೆ, ಬೇಯಿಸಿದ ಸೇಬು ತಿಂದ್ರೆ ಏನೂ ಆಗಲ್ಲ ಅನ್ನೋರಿದ್ದಾರೆ. ಕೇಳೋಕೆ ನಖರಾ ಅನ್ಸುತ್ತೆ. ಆದರೆ ಇದು ಪರಾಗದ ಅಲರ್ಜಿ ಇರೋರಲ್ಲಿ ಕಾಣಿಸೋ ಗುರುತಿಸಿದ ಸ್ಥಿತಿ. ಸೇಬಿನಲ್ಲಿ ತುರಿಕೆ ತರೋ ಪ್ರೋಟೀನ್ ಬಿಸಿಗೆ ಕೆಡುತ್ತೆ, ಅಷ್ಟೇ. ಇದಕ್ಕಿಂತ ಗಂಭೀರವಾದದ್ದು ಇನ್ನೊಂದು: ಗೋಧಿ ತಿಂದು ಸುಮ್ಮನೆ ಕೂತರೆ ಏನೂ ಆಗದವರಿಗೆ, ತಿಂದು ಓಡಿದರೆ ಅಥವಾ ವ್ಯಾಯಾಮ ಮಾಡಿದರೆ ತೀವ್ರ ಅಲರ್ಜಿ ಆಗೋ ಸ್ಥಿತಿಯೂ ಇದೆ. ಅದರಲ್ಲಿ ಮದ್ಯ, ಕೆಲವು ನೋವಿನ ಮಾತ್ರೆಗಳೂ ಅಲರ್ಜಿಯನ್ನ ಹೊತ್ತಿಸಬಹುದು. ಹಾಗಾಗಿ "ಮೊನ್ನೆ ತಿಂದಾಗ ಚೆನ್ನಾಗೇ ಇದ್ದೆಯಲ್ಲ" ಅನ್ನೋ ವಾದ ಯಾವುದನ್ನೂ ಸಾಬೀತು ಮಾಡಲ್ಲ.

ಹಾಗಂತ ಊಹೆ ತಪ್ಪೋದೂ ಅಷ್ಟೇ ಸುಲಭ. ಊಟ ಮಾಡಿ ಅರ್ಧ ಗಂಟೆಯಲ್ಲಿ ಹೊಟ್ಟೆ ನುಲಿದ್ರೆ ನಾವು ಆಗ ತಿಂದದ್ದನ್ನೇ ಬೈತೀವಿ. ಆದರೆ ಹೊಟ್ಟೆ ತುಂಬಿದ ತಕ್ಷಣ ದೊಡ್ಡ ಕರುಳು ತಾನಾಗಿ ಚುರುಕಾಗುತ್ತೆ. ಅಲ್ಲಿ ಗ್ಯಾಸ್ ಮಾಡ್ತಿರೋದು ಹಿಂದಿನ ಊಟವೋ ನಿನ್ನೆಯದೋ ಇರಬಹುದು. ಒಂದು ಪದಾರ್ಥ ಬಿಟ್ಟಾಗ ಜೊತೆಗೆ ನಾಲ್ಕು ಬಿಟ್ಟಿರ್ತೀವಿ ಅನ್ನೋದು ಇನ್ನೊಂದು ಕಾರಣ. ಗೋಧಿ ಬಿಟ್ಟವರು ಬಿಸ್ಕೆಟ್, ಕೇಕ್, ಕರಿದ ತಿಂಡಿ ಎಲ್ಲ ಬಿಟ್ಟಿರ್ತಾರೆ. ಮತ್ತೆ, ಜನ ಆಹಾರ ಬದಲಾಯಿಸೋದು ತೊಂದರೆ ತೀರಾ ಹೆಚ್ಚಾದಾಗ. ಏರಿದ್ದು ಹೇಗಿದ್ರೂ ಸ್ವಲ್ಪ ಇಳೀತಿತ್ತು, ಹೆಸರು ಮಾತ್ರ ಪಥ್ಯಕ್ಕೆ ಹೋಗುತ್ತೆ.

ಇದಕ್ಕೆಲ್ಲ ನಿರೀಕ್ಷೆ ಸೇರಿಕೊಳ್ಳುತ್ತೆ. ಕೆಡುತ್ತೆ ಅಂತ ನಂಬಿ ತಿಂದ್ರೆ ನಿಜವಾಗಲೂ ಕೆಡಬಹುದು. ಇದಕ್ಕೆ ನೊಸೀಬೋ ಅಂತಾರೆ. ಇದು ನಾಟಕ ಅಲ್ಲ. ಆತಂಕಕ್ಕೆ ಕರುಳಿನ ಚಲನೆ ಬದಲಾಗುತ್ತೆ, ನೋವಿನ ಸೂಕ್ಷ್ಮತೆ ಹೆಚ್ಚಾಗುತ್ತೆ.

1995ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಅಧ್ಯಯನ ಇಲ್ಲಿ ಮುಖ್ಯ. ತಮಗೆ ತೀವ್ರ ಲ್ಯಾಕ್ಟೋಸ್ ಇಂಟಾಲರೆನ್ಸ್ ಇದೆ ಅಂತ ತಾವೇ ಹೇಳಿಕೊಂಡ 30 ಜನರನ್ನ ತಗೊಂಡ್ರು. ದಿನಾ ಬೆಳಗಿನ ತಿಂಡಿ ಜೊತೆ 240 ಮಿಲಿಲೀಟರ್ ಹಾಲು: ಒಂದು ವಾರ ಮಾಮೂಲಿ ಹಾಲು, ಇನ್ನೊಂದು ವಾರ ಲ್ಯಾಕ್ಟೋಸ್ ಒಡೆದ ಹಾಲು. ಯಾವುದು ಯಾವುದು ಅಂತ ಕುಡಿಯೋರಿಗೆ ಗೊತ್ತಿಲ್ಲ. ಎರಡೂ ವಾರ ತೊಂದರೆ ತೀರಾ ಕಡಿಮೆ, ಎರಡರ ನಡುವೆ ಗಣನೀಯ ವ್ಯತ್ಯಾಸವೇ ಇರಲಿಲ್ಲ. ಆ 30ರಲ್ಲಿ 9 ಜನ ಲ್ಯಾಕ್ಟೋಸನ್ನ ಸರಿಯಾಗೇ ಜೀರ್ಣಿಸಿಕೊಳ್ಳೋರು. ಉಳಿದ 21 ಜನರಿಗೆ ಜೀರ್ಣ ಆಗ್ತಿರಲಿಲ್ಲ ಅನ್ನೋದು ನಿಜ, ಆದರೂ ತಿಂಡಿ ಜೊತೆ ಒಂದು ಲೋಟ ನಡೀತಿತ್ತು.

[ತೆರೆಯ ಮೇಲೆ: ಮನೆಯ ಪರೀಕ್ಷೆಗೆ ಮೊದಲು]

ಕೆಲವು ಲಕ್ಷಣ ಇದ್ರೆ ಮನೆಯಲ್ಲಿ ಏನೂ ಮಾಡಬೇಡಿ. ತಿಂದ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ಮೈಮೇಲೆ ದದ್ದು, ತುಟಿ ಅಥವಾ ಮುಖ ಊದೋದು, ಉಸಿರು ಕಟ್ಟೋದು, ತಲೆಸುತ್ತು ಒಂದು ಸಲ ಬಂದಿದ್ರೂ ಅಲರ್ಜಿ ತಜ್ಞರ ಹತ್ತಿರ ಹೋಗಬೇಕು. ತೂಕ ಸುಮ್ಮನೆ ಇಳಿಯೋದು, ಮಲದಲ್ಲಿ ರಕ್ತ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸೋ ಭೇದಿ, ನುಂಗೋಕೆ ಕಷ್ಟ: ಇವುಗಳಲ್ಲಿ ಯಾವುದಿದ್ರೂ ಡಾಕ್ಟರ್ ನೋಡಲೇಬೇಕು.

ಗೋಧಿಯ ಮೇಲೆ ಅನುಮಾನ ಇದ್ರೆ ಮೊದಲು ಸೀಲಿಯಾಕ್ ಕಾಯಿಲೆ ಇಲ್ಲ ಅಂತ ಖಚಿತ ಮಾಡ್ಕೊಳ್ಳಿ. ಇದು ಇಂಟಾಲರೆನ್ಸ್ ಅಲ್ಲ. ಗ್ಲುಟನ್, ಅಂದ್ರೆ ಗೋಧಿಯಂಥ ಧಾನ್ಯಗಳಲ್ಲಿರೋ ಪ್ರೋಟೀನ್, ಒಳಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆ ಸಣ್ಣ ಕರುಳಿನ ಒಳಪದರವನ್ನೇ ಹಾಳು ಮಾಡುತ್ತೆ. ನೂರಕ್ಕೆ ಸುಮಾರು ಒಬ್ಬರಿಗೆ ಇರುತ್ತೆ, ಬಹಳ ಜನಕ್ಕೆ ಗೊತ್ತೇ ಇರಲ್ಲ. ಇದಕ್ಕೆ ಎರಡು ರಕ್ತ ಪರೀಕ್ಷೆ: ಈ ಕಾಯಿಲೆಯಲ್ಲಿ ದೇಹ ಮಾಡೋ ಪ್ರತಿಕಾಯಗಳನ್ನ ಹುಡುಕೋ ಟಿಟಿಜಿ-ಐಜಿಎ, ಅದರ ಜೊತೆ ಐಜಿಎ ಅನ್ನೋ ಬಗೆಯ ಪ್ರತಿಕಾಯ ಒಟ್ಟು ಎಷ್ಟಿದೆ ಅನ್ನೋದು. ಎರಡನೇದು ಯಾಕೆ ಅಂದ್ರೆ, ಹುಟ್ಟಿನಿಂದಲೇ ಐಜಿಎ ಕಡಿಮೆ ಇರೋರಲ್ಲಿ ಕಾಯಿಲೆ ಇದ್ರೂ ಮೊದಲನೇದು ನೆಗೆಟಿವ್ ಬರಬಹುದು. ಎಲ್ಲರೂ ಎಡವೋ ಜಾಗ ಬೇರೆ: ಗ್ಲುಟನ್ ಬಿಟ್ಟು ತಿಂಗಳುಗಟ್ಟಲೆ ಆದಮೇಲೆ ಪರೀಕ್ಷೆಗೆ ಹೋಗೋದು. ಬಿಟ್ಟಾಗ ಆ ಪ್ರತಿಕಾಯಗಳು ಇಳಿದುಹೋಗ್ತವೆ, ವರದಿ ಸುಳ್ಳು ಸಮಾಧಾನ ಕೊಡುತ್ತೆ. ಬ್ರಿಟನ್ನಿನ ನೈಸ್ ಅನ್ನೋ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ಪರೀಕ್ಷೆಗೆ ಮುಂಚೆ ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಊಟದಲ್ಲಿ ಗ್ಲುಟನ್ ತಿಂದಿರಬೇಕು. ಅಷ್ಟು ದಿನ ತಿನ್ನೋಕೆ ಆಗಲ್ಲ ಅನ್ನೋರಿಗೆ ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಜೀನ್ ಪರೀಕ್ಷೆ ಇದೆ. ಅದು ಪಾಸಿಟಿವ್ ಬಂದ್ರೆ ಏನೂ ಹೇಳಲ್ಲ, ಎರಡೂ ಇಲ್ಲ ಅಂದ್ರೆ ಸೀಲಿಯಾಕ್ ಇರೋ ಸಾಧ್ಯತೆ ಹೆಚ್ಚುಕಡಿಮೆ ಇಲ್ಲ.

ನೂರಾರು ಆಹಾರಕ್ಕೆ ಕೆಂಪು-ಹಸಿರು ಬಣ್ಣ ಹಚ್ಚಿದ ಐಜಿಜಿ ರಕ್ತ ಪರೀಕ್ಷೆ ವರದಿ ಇಟ್ಕೊಂಡು ಬಂದಿದ್ರೆ ಅದನ್ನ ಪಕ್ಕಕ್ಕಿಡಿ. ಐಜಿಜಿ ಇನ್ನೊಂದು ಬಗೆಯ ಪ್ರತಿಕಾಯ, ಅದು ತೋರಿಸೋದು ನೀವು ಆ ಆಹಾರ ತಿಂದಿದ್ದೀರಿ ಅನ್ನೋದನ್ನ. ಯುರೋಪ್, ಅಮೆರಿಕ, ಕೆನಡಾದ ಅಲರ್ಜಿ ತಜ್ಞರ ಸಂಘಟನೆಗಳು ಇದನ್ನ ಮಾಡಿಸಬೇಡಿ ಅಂತಲೇ ಹೇಳಿವೆ. ಕೂದಲಿನ ಪರೀಕ್ಷೆಗೂ ಇದೇ ಮಾತು.

[ದೃಶ್ಯ: ಒಂದೇ ಥರದ ಆರು ಲೋಟ, 1ರಿಂದ 6ರವರೆಗೆ ಚೀಟಿ]

ಈಗ ಹಾಲಿನ ಪರೀಕ್ಷೆ. ಸಂಗಾತಿ ಪೂರ್ತಿ ಒಪ್ಪಿದ್ರೆ, ಅಲರ್ಜಿ ಲಕ್ಷಣ ಯಾವುದೂ ಇಲ್ಲದಿದ್ರೆ ಮಾತ್ರ. ಮಾಮೂಲಿ ಹಾಲು, ಲ್ಯಾಕ್ಟೋಸ್ ರಹಿತ ಹಾಲು ಎರಡೂ ಬೇಕು. ಕೊಬ್ಬಿನ ಪ್ರಮಾಣ ಒಂದೇ ಇರಲಿ, ಎರಡೂ ದೀರ್ಘಬಾಳಿಕೆಯ ಪ್ಯಾಕೆಟ್ಟೇ ಆಗಿರಲಿ. ಇಲ್ಲದಿದ್ರೆ ಕಾಯಿಸಿದ ವಾಸನೆಯಲ್ಲೇ ಗುಟ್ಟು ಬಯಲಾಗುತ್ತೆ. ಲ್ಯಾಕ್ಟೋಸ್ ರಹಿತ ಹಾಲು ಸಿಹಿ ಜಾಸ್ತಿ, ಯಾಕಂದ್ರೆ ಅದರಲ್ಲಿ ಲ್ಯಾಕ್ಟೋಸ್ ಒಡೆದು ಗ್ಲುಕೋಸ್, ಗ್ಯಾಲಕ್ಟೋಸ್ ಆಗಿರುತ್ತೆ. ಅದಕ್ಕೆ ಮಾಮೂಲಿ ಹಾಲಿನ 250 ಮಿಲಿಲೀಟರಿಗೆ ಒಂದು ಟೀ ಚಮಚ ಸಕ್ಕರೆ ಹಾಕಿ, ರುಚಿ ನೋಡಿ ಸರಿಮಾಡಿ. ಎರಡಕ್ಕೂ ಒಂದೊಂದು ಟೀ ಚಮಚ ಕೋಕೋ ಪುಡಿ ಬೆರೆಸಿ, ತಣ್ಣಗೆ ಕೊಡಿ. ಕಾಫಿ ಬೆರೆಸಬೇಡಿ, ಅದೇ ಕರುಳನ್ನ ಕೆಣಕುತ್ತೆ.

ಆರು ಚೀಟಿ: ಮೂರರಲ್ಲಿ ‘ಮಾಮೂಲಿ’, ಮೂರರಲ್ಲಿ ‘ರಹಿತ’. ಮಡಚಿ ಕಲಸಿ ಆರು ಲಕೋಟೆಗೆ ಹಾಕಿ ನಂಬರ್ ಬರೀರಿ. ಮೂರು ದಿನಕ್ಕೊಂದು ಲಕೋಟೆಯನ್ನ ಹಾಲು ಬೆರೆಸೋರು ಮಾತ್ರ ತೆರೆದು, ಅದರಲ್ಲಿರೋ ಹಾಲನ್ನ ಕೊಡಬೇಕು: ಬೆಳಗ್ಗೆ ಒಂದೇ ಹೊತ್ತಿಗೆ, ಒಂದೇ ಥರದ ತಿಂಡಿ ಜೊತೆ. ಹಾಲು ಬೆರೆಸೋರು ಮೂರನೆಯವರಾದ್ರೆ ಒಳ್ಳೇದು. ನೀವೇ ಆಗಬೇಕಾದ್ರೆ ಲೋಟ ಮೇಜಿನ ಮೇಲಿಟ್ಟು ಹೊರಟುಬಿಡಿ, ನಿಮ್ಮ ಮುಖ ನೋಡಿದ್ರೆ ಅವರಿಗೆ ಗೊತ್ತಾಗುತ್ತೆ. ಉಳಿದ ದಿನಗಳಲ್ಲಿ ಹಾಲಿನ ಪಥ್ಯ ಹಾಗೇ ನಡೀಲಿ. ಮುಟ್ಟಿನ ದಿನಗಳಲ್ಲಿ, ಹೊಟ್ಟೆ ಸೋಂಕು ಬಂದಿದ್ದಾಗ ಪರೀಕ್ಷೆ ಮುಂದಕ್ಕೆ ಹಾಕಿ.

ಕುಡಿದವರು 1, 2, 4, 8 ಗಂಟೆಗೆ ಮತ್ತು ಮಾರನೇ ಬೆಳಗ್ಗೆ ಉಬ್ಬರ, ನೋವು, ಗ್ಯಾಸ್ ಇವಕ್ಕೆ 0ಯಿಂದ 10ರೊಳಗೆ ಅಂಕ ಬರೀಬೇಕು. ಮಧ್ಯದಲ್ಲಿ ಉತ್ತರ ಹೇಳಬೇಡಿ. ಕೊನೆಗೆ ಅವರು ಅತಿ ಕೆಟ್ಟದಾದ ಮೂರು ದಿನ ಆರಿಸಿ ಹೇಳಲಿ, ಆಮೇಲೆ ಚೀಟಿ ತೆರೀರಿ. ಆ ಮೂರೂ ಮಾಮೂಲಿ ಹಾಲಿನ ದಿನಗಳಾಗಿದ್ರೆ, ಬರೀ ಅದೃಷ್ಟದಿಂದ ಹಾಗಾಗೋ ಸಾಧ್ಯತೆ 20ರಲ್ಲಿ 1. ಅವರ ಮಾತಿಗೆ ಒಳ್ಳೆ ಆಧಾರ ಸಿಕ್ತು. ಎರಡು ಮಾತ್ರ ಸರಿ ಬಂದ್ರೆ ಅದಕ್ಕೆ ಬೆಲೆ ಇಲ್ಲ, ಅಷ್ಟು ಸುಮ್ಮನೇ ಹೊಂದೋ ಸಾಧ್ಯತೆಯೇ 20ರಲ್ಲಿ 9.

ಮನೆ ರಗಳೆ ಬೇಡ ಅಂದ್ರೆ ಆಸ್ಪತ್ರೆಯಲ್ಲಿ ಉಸಿರಿನ ಹೈಡ್ರೋಜನ್ ಪರೀಕ್ಷೆ ಇದೆ. ಜೀರ್ಣ ಆಗದ ಲ್ಯಾಕ್ಟೋಸನ್ನ ಕರುಳಿನ ಬ್ಯಾಕ್ಟೀರಿಯಾಗಳು ಒಡೆದಾಗ ಈ ಗ್ಯಾಸ್ ಬರುತ್ತೆ. ಸಾಮಾನ್ಯವಾಗಿ 25 ಗ್ರಾಂ ಲ್ಯಾಕ್ಟೋಸ್ ಕುಡಿಸಿ, ಉಸಿರಲ್ಲಿ ಹೈಡ್ರೋಜನ್ 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಪಾಲು) ಏರುತ್ತಾ ಅಂತ ನೋಡ್ತಾರೆ. ಮೀಥೇನ್ ಕೂಡ ಅಳೀತಾರಾ ಕೇಳಿ, ಕೆಲವರ ಕರುಳಲ್ಲಿ ಹೈಡ್ರೋಜನ್ ಬದಲು ಅದೇ ಬರುತ್ತೆ, ಹೈಡ್ರೋಜನ್ ಹೊರಬರೋದೇ ಕಡಿಮೆ.

ಗೋಧಿಯನ್ನ ಹೀಗೆ ಮರೆಮಾಚಿ ಪರೀಕ್ಷಿಸೋದು ಮನೆಯಲ್ಲಿ ಕಷ್ಟ. ಸೀಲಿಯಾಕ್ ಇಲ್ಲ ಅಂತ ಗೊತ್ತಾದಮೇಲೆ ಒಂದು ಪ್ರಶ್ನೆ ಕೇಳಿ ನೋಡಿ: ಈರುಳ್ಳಿ, ಬೆಳ್ಳುಳ್ಳಿಯೂ ತೊಂದರೆ ಕೊಡ್ತವಾ? ಹೌದು ಅಂದ್ರೆ ಕಾರಣ ಗ್ಲುಟನ್‌ಗಿಂತ ಫ್ರಕ್ಟಾನ್ ಆಗಿರೋ ಸಾಧ್ಯತೆ ಹೆಚ್ಚು. ಗೋಧಿಯಲ್ಲೂ ಈರುಳ್ಳಿಯಲ್ಲೂ ಇರೋ, ನಾವು ಜೀರ್ಣಿಸಿಕೊಳ್ಳಲಾಗದ ಒಂದು ಬಗೆಯ ಸಕ್ಕರೆ ಸರಪಳಿ ಇದು. 2018ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ, ಸೀಲಿಯಾಕ್ ಇಲ್ಲದೆ ಸ್ವಂತವಾಗಿ ಗ್ಲುಟನ್ ಬಿಟ್ಟಿದ್ದ 59 ಜನರಿಗೆ ಗ್ಲುಟನ್, ಫ್ರಕ್ಟಾನ್, ಎರಡೂ ಇಲ್ಲದ್ದು, ಹೀಗೆ ಮೂರು ಬಗೆಯ ಬಾರ್‌ಗಳನ್ನ ತಲಾ 7 ದಿನ ಕೊಟ್ಟರು. ಹೆಚ್ಚು ತೊಂದರೆ ಕೊಟ್ಟದ್ದು ಫ್ರಕ್ಟಾನ್. ಗ್ಲುಟನ್ ಬಾರ್‌ಗೂ ಏನೂ ಇಲ್ಲದ ಬಾರ್‌ಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಡುಗೆಮನೆಗೆ ಇದರಿಂದ ನಿಜವಾದ ಉಪಯೋಗ ಇದೆ. ಫ್ರಕ್ಟಾನ್ ನೀರಲ್ಲಿ ಕರಗುತ್ತೆ, ಎಣ್ಣೆಯಲ್ಲಿ ಕರಗಲ್ಲ. ಬೆಳ್ಳುಳ್ಳಿಯನ್ನ ಎಣ್ಣೆಯಲ್ಲಿ ಬಾಡಿಸಿ ಎಸಳು ತೆಗೆದುಹಾಕಿದ್ರೆ ಪರಿಮಳ ಉಳಿಯುತ್ತೆ, ತೊಂದರೆ ಉಳಿಯಲ್ಲ. ನೀರಲ್ಲಿ ಕುದಿಸಿ ತೆಗೆದ್ರೆ ಪ್ರಯೋಜನ ಇಲ್ಲ.

[ತೆರೆಯ ಮೇಲೆ: ಮಾತು ಶುರು ಮಾಡೋದು ಹೇಗೆ]

"ನಿಂಗೆ ಹಾಗೆಲ್ಲ ಏನೂ ಇಲ್ಲ" ಅಂತ ಶುರು ಮಾಡಿದ್ರೆ ಮಾತು ಅಲ್ಲಿಗೇ ಮುಗೀತು. "ನಿನ್ನ ಹೊಟ್ಟೆನೋವು ನಿಜ ಅಂತ ನಂಗೆ ಗೊತ್ತು. ಕಾರಣ ಹಾಲೇ ಅಲ್ಲದೆ ಬೇರೆ ಏನಾದ್ರೂ ಆಗಿದ್ರೆ, ಅದು ಹಾಗೇ ಉಳಿದುಬಿಡುತ್ತಲ್ಲ ಅನ್ನೋದೇ ನನ್ನ ಚಿಂತೆ" ಅನ್ನಿ. ಈ ಮಾತನ್ನ ಊಟದ ಹೊತ್ತಲ್ಲಿ, ಬೇರೆಯವರ ಮುಂದೆ ಎತ್ತಬೇಡಿ. ಅವರು ಪರೀಕ್ಷೆ ಬೇಡ ಅಂದ್ರೆ ಬೇಡ. ಬಿಟ್ಟಿರೋದು ಒಂದೋ ಎರಡೋ ಪದಾರ್ಥ, ಕ್ಯಾಲ್ಸಿಯಂ, ಬಿ12, ನಾರಿನಂಶ ಬೇರೆ ಕಡೆಯಿಂದ ಸಿಗ್ತಿದೆ ಅಂದ್ರೆ ಅವರ ಪಾಡಿಗೆ ಬಿಡಿ. ಬಿಡೋ ಪಟ್ಟಿ ತಿಂಗಳಿಂದ ತಿಂಗಳಿಗೆ ಬೆಳೀತಿದ್ರೆ, ತಿನ್ನೋದಕ್ಕೇ ಹೆದರ್ತಿದ್ರೆ, ತೂಕ ಇಳೀತಿದ್ರೆ ಆಗ ಸುಮ್ಮನಿರಬೇಡಿ, ಜೊತೆಯಲ್ಲೇ ಡಾಕ್ಟರ್ ಹತ್ತಿರ ಹೋಗಿ.

ಚೀಟಿ ತೆರೆದಾಗ ವ್ಯತ್ಯಾಸ ಕಾಣದಿದ್ರೆ, ಗೆದ್ದ ಮುಖ ಮಾಡಬೇಡಿ. ಹೊಟ್ಟೆ ಕೆಡ್ತಾ ಇರೋದು ಈಗಲೂ ನಿಜ, ಇರಿಟಬಲ್ ಬವೆಲ್ (ಕರುಳು ಸೂಕ್ಷ್ಮವಾಗಿ ಆಗಾಗ ಹೊಟ್ಟೆ ಕೆಡೋ ಸ್ಥಿತಿ) ಥರದ್ದೇನಾದ್ರೂ ಇದೆಯಾ ಅಂತ ಡಾಕ್ಟರ್ ಹತ್ತಿರ ಕೇಳೋ ಸಮಯ ಅದು. ಹಾಲನ್ನ ಮತ್ತೆ ಸೇರಿಸೋದಾದ್ರೆ ಊಟದ ಜೊತೆ 60 ಮಿಲಿಲೀಟರಿಂದ ಶುರು. ಮೂರು ದಿನ ಸರಿ ಹೋದ್ರೆ 120, ಆಮೇಲೆ 250. ವ್ಯತ್ಯಾಸ ಕಂಡವರೂ ಇದೇ ಮೆಟ್ಟಿಲು ಹತ್ತಬಹುದು, ಎಲ್ಲಿ ಹೊಟ್ಟೆ ಕೆಡುತ್ತೋ ಅದರ ಹಿಂದಿನ ಅಳತೆಯಲ್ಲಿ ನಿಲ್ಲಿಸಿ. ಅದಕ್ಕಿಂತ ಜಾಸ್ತಿ ಬೇಕಾದ ದಿನ ಲ್ಯಾಕ್ಟೋಸ್ ಒಡೆಯೋ ಲ್ಯಾಕ್ಟೇಸ್ ಅನ್ನೋ ಕಿಣ್ವದ ಮಾತ್ರೆ ಇದೆ. ಮೊದಲ ತುತ್ತಿನ ಜೊತೆಗೇ ನುಂಗಬೇಕು, ಊಟ ಮುಗಿದಮೇಲೆ ನುಂಗಿದ್ರೆ ಅದು ಹೆಚ್ಚೇನೂ ಕೆಲಸ ಮಾಡಲ್ಲ.