ಹ್ಯಾಂಕ್ ಆರನ್ ಒಬ್ಬರೇ ಆ ಬಸ್ಸಿನಲ್ಲಿರಲಿಲ್ಲ

ನಮಸ್ಕಾರ. ಇವತ್ತು ಬೇಸ್‌ಬಾಲ್ ಬಗ್ಗೆ ಮಾತಾಡೋಣ. ಆಟದ ನಿಯಮ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ನಾನು ಹೇಳಬೇಕು ಅಂತಿರೋದು ಒಬ್ಬ ದೊಡ್ಡ ಆಟಗಾರನ ಮೊದಲ ದಿನಗಳ ಬಗ್ಗೆ, ಆ ದಿನಗಳನ್ನು ಜನ ಹೇಗೆ ನೆನೆಯುತ್ತಾರೆ ಅನ್ನೋದರ ಬಗ್ಗೆ.

ಹ್ಯಾಂಕ್ ಆರನ್ ಹೆಸರು ನೀವು ಕೇಳಿರಬಹುದು. 755 ಹೋಮ್‌ರನ್ ಹೊಡೆದವರು. ಹೋಮ್‌ರನ್ ಅಂದರೆ ಸಾಮಾನ್ಯವಾಗಿ ಚೆಂಡನ್ನು ಮೈದಾನದ ಬೇಲಿಯಾಚೆಗೆ ಅಟ್ಟುವ ಹೊಡೆತ. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ 715ನೆಯದನ್ನು ಹೊಡೆದು ಹಿಂದಿನ ತಲೆಮಾರಿನ ದೊಡ್ಡ ಆಟಗಾರ ಬೇಬ್ ರೂತ್ ಅವರ ದಾಖಲೆ ಮುರಿದರು. ಆ ಹೊಡೆತವನ್ನು ಇವತ್ತಿಗೂ ಜನ ಹುಡುಕಿ ನೋಡುತ್ತಾರೆ, ನೋಡಲಿ. ಆದರೆ ಆರನ್ ಯಾರು ಅಂತ ತಿಳಿಯಬೇಕಾದರೆ 1952 ಮತ್ತು 1953ನ್ನು ನೋಡಬೇಕು ಅನ್ನೋದು ನನ್ನ ಅಭಿಪ್ರಾಯ. ಅವರು ಮೈನರ್ ಲೀಗ್‌ನಲ್ಲಿ ಆಡಿದ್ದು ಆ ಎರಡೇ ವರ್ಷ.

ಮೈನರ್ ಲೀಗ್ ಅಂದರೆ ಏನು? ದೊಡ್ಡ ತಂಡಗಳು ಹೊಸ ಹುಡುಗರನ್ನು ಮೊದಲು ಸಣ್ಣ ಊರುಗಳ ತಂಡಗಳಲ್ಲಿ ಆಡಿಸುತ್ತವೆ. ಸಂಬಳ ಕಡಿಮೆ, ಬಸ್ಸಿನಲ್ಲಿ ಊರೂರು ಸುತ್ತಾಟ. ಚೆನ್ನಾಗಿ ಆಡಿದವರು ಮೇಲಕ್ಕೆ ಹೋಗುತ್ತಾರೆ, ಹೆಚ್ಚಿನವರು ಹೋಗುವುದೇ ಇಲ್ಲ.

ಆರನ್ ಹುಟ್ಟಿದ್ದು 1934ರಲ್ಲಿ, ಅಲಬಾಮಾದ ಮೊಬೀಲ್‌ನಲ್ಲಿ. 1952ರಲ್ಲಿ ಮೊದಲು ಸೇರಿದ್ದು ಕಪ್ಪು ಆಟಗಾರರದೇ ಆದ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡವನ್ನು. ಆಗ ವಾಷಿಂಗ್ಟನ್‌ನ ಒಂದು ಹೋಟೆಲಿನಲ್ಲಿ ತಂಡದವರು ತಿಂಡಿ ತಿಂದರಂತೆ. ತಿಂದ ತಟ್ಟೆಗಳನ್ನು ಅಡುಗೆಮನೆಯಲ್ಲಿ ಒಡೆದು ಹಾಕುವ ಸದ್ದು ಅವರ ಕಿವಿಗೇ ಬಿತ್ತು. ನಾಯಿ ತಿಂದಿದ್ದರೆ ಆ ತಟ್ಟೆಗಳನ್ನು ತೊಳೆದಿಡುತ್ತಿದ್ದರು ಅಂತ ಆರನ್ ಮುಂದೆ ಹೇಳಿಕೊಂಡಿದ್ದಾರೆ. ಬೇರೆ ಲೋಟ, ಬೇರೆ ತಟ್ಟೆಯ ಇತಿಹಾಸ ಇರುವ ನಮ್ಮೂರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಕೆಲವೇ ತಿಂಗಳಲ್ಲಿ ದೊಡ್ಡ ಲೀಗ್‌ನ ಬ್ರೇವ್ಸ್ ಸಂಸ್ಥೆ 10,000 ಡಾಲರ್ ಕೊಟ್ಟು ಅವರನ್ನು ಕ್ಲೌನ್ಸ್‌ನಿಂದ ಕೊಂಡುಕೊಂಡಿತು. ಕಳಿಸಿದ್ದು ಉತ್ತರದ ವಿಸ್ಕಾನ್ಸಿನ್ ರಾಜ್ಯದ ಓ ಕ್ಲೇರ್ ಅನ್ನುವ ಊರಿಗೆ, ಅಲ್ಲಿನ ಬೇರ್ಸ್ ತಂಡಕ್ಕೆ. ಹುಡುಗನಿಗೆ 18 ವರ್ಷ, ಊರಲ್ಲಿ ಕಪ್ಪು ಜನ ಇಲ್ಲವೆನ್ನುವಷ್ಟು ಕಡಿಮೆ, ಯಾರ ಹತ್ತಿರ ಹೇಗೆ ಮಾತಾಡಬೇಕು ಅನ್ನೋದೂ ತಿಳಿಯುತ್ತಿರಲಿಲ್ಲ, ಸಾಕು, ಮನೆಗೆ ಬಂದುಬಿಡುತ್ತೇನೆ ಅಂತ ಫೋನ್ ಮಾಡಿದಾಗ ಅಣ್ಣ ಹರ್ಬರ್ಟ್ ಅಲ್ಲೇ ಇರು, ಇಂಥ ಅವಕಾಶ ಬಿಟ್ಟು ಬರಬೇಡ ಅಂತ ಗದರಿದರು. ಉಳಿದರು. ಬ್ಯಾಟಿಂಗ್ ಸರಾಸರಿ .336, ಅಂದರೆ ಸಾವಿರ ಸರದಿಗೆ 336 ಹಿಟ್, ಸಫಲ ಹೊಡೆತ, ಅನ್ನುವ ಲೆಕ್ಕ. ಬೇರ್ಸ್ ಆಡುತ್ತಿದ್ದ ನಾರ್ದರ್ನ್ ಲೀಗ್‌ನ ಆ ವರ್ಷದ ಅತ್ಯುತ್ತಮ ಹೊಸ ಆಟಗಾರ.

ಓ ಕ್ಲೇರ್‌ನ ಕಾರ್ಸನ್ ಪಾರ್ಕ್ ಮೈದಾನದ ಹೊರಗೆ 1994ರಲ್ಲಿ ಆರನ್ ಅವರ ಕಂಚಿನ ಪ್ರತಿಮೆ ನಿಲ್ಲಿಸಿದರು. ಆರನ್ ಅವರೇ ಬಂದಿದ್ದರು. ಪ್ರತಿಮೆಯಲ್ಲಿರುವುದು ದಾಖಲೆವೀರ ಅಲ್ಲ, ಬೇರ್ಸ್ ತಂಡದ ಆ ಹುಡುಗ. ನನಗೆ ಇದು ತುಂಬಾ ಇಷ್ಟ. ಊರು ತಾನು ಕಂಡ ಮನುಷ್ಯನನ್ನೇ ನೆನೆಯುತ್ತಿದೆ, ಬೇರೆ ಕಡೆ ಗಳಿಸಿದ ಕೀರ್ತಿಯಲ್ಲಿ ಪಾಲು ಕೇಳುತ್ತಿಲ್ಲ.

ಮುಂದಿನ ವರ್ಷದ ಕಥೆ ಬೇರೆ. 1953ರಲ್ಲಿ ಅವರನ್ನು ಫ್ಲೋರಿಡಾದ ಜಾಕ್ಸನ್‌ವಿಲ್ಲೆಗೆ ಕಳಿಸಿದರು. ಅಲ್ಲಿನ ತಂಡ ಆಡುತ್ತಿದ್ದ ಸೌತ್ ಅಟ್ಲಾಂಟಿಕ್ ಲೀಗ್ ಅಲ್ಲಿಯವರೆಗೆ ಪೂರ್ತಿ ಬಿಳಿಯರದು. ಆ ಗೋಡೆ ಒಡೆಯಲು ಜಾಕ್ಸನ್‌ವಿಲ್ಲೆ ತಂಡ ಮೂವರನ್ನು ಇಳಿಸಿತು. ಆರನ್, ಹೊರೇಸ್ ಗಾರ್ನರ್, ಪೋರ್ಟೊ ರಿಕೊದ ಫೆಲಿಕ್ಸ್ ಮಾಂಟಿಯಾ. ಮೇಕನ್, ಆಗಸ್ಟಾ, ಮಾಂಟ್ಗೊಮರಿ, ಹೋದಲ್ಲೆಲ್ಲ ಗ್ಯಾಲರಿಯಿಂದ ಬೈಗುಳ. ತಂಡದ ಹೋಟೆಲಿನಲ್ಲಿ ಇವರಿಗೆ ಕೋಣೆ ಇಲ್ಲ, ಊರಿನ ಕಪ್ಪು ಕುಟುಂಬಗಳ ಮನೆಯಲ್ಲಿ ಉಳಿಯಬೇಕು. ದಾರಿಯಲ್ಲಿ ತಂಡದ ಮಿಕ್ಕವರು ಹೋಟೆಲಿನ ಒಳಗೆ ಕೂತು ಉಣ್ಣುವಾಗ ಇವರ ಊಟ ಬಸ್ಸಿಗೇ ಬರುತ್ತಿತ್ತು. ಇಷ್ಟರ ನಡುವೆ ಆರನ್ ಸರಾಸರಿ .362, 22 ಹೋಮ್‌ರನ್, 208 ಹಿಟ್. ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯೂ ಬಂತು.

ಇಲ್ಲಿ ಬೆನ್ ಗೆರಾಟಿ ಅನ್ನುವ ಮ್ಯಾನೇಜರ್ ಬಗ್ಗೆ ಹೇಳಲೇಬೇಕು. ಬಿಳಿಯರು. 1946ರಲ್ಲಿ ಸ್ಪೋಕೇನ್ ತಂಡದ ಬಸ್ ಕಣಿವೆಗೆ ಉರುಳಿ ಒಂಬತ್ತು ಆಟಗಾರರು ಸತ್ತಾಗ ಬದುಕಿ ಬಂದವರಲ್ಲಿ ಒಬ್ಬರು. ಅದಾದ ಮೇಲೂ ಬಸ್ ಪ್ರಯಾಣವೇ ಅವರ ಬದುಕಾಗಿತ್ತು. ಆಟ ಮುಗಿದ ಮೇಲೆ ಈ ಮೂವರು ಉಳಿದುಕೊಂಡ ಮನೆಗೇ ಹೋಗಿ, ಕೂತು ಆಟದ ಬಗ್ಗೆ ಮಾತಾಡುತ್ತಿದ್ದರು. ತಾನು ಕಂಡ ಮ್ಯಾನೇಜರುಗಳಲ್ಲಿ ಇವರೇ ಶ್ರೇಷ್ಠರು ಅಂತ ಆರನ್ ಹೇಳುತ್ತಿದ್ದರು, ದೊಡ್ಡ ಲೀಗ್‌ನಲ್ಲಿ ಇಪ್ಪತ್ತಕ್ಕೂ ಜಾಸ್ತಿ ವರ್ಷ ಆಡಿದ ಮನುಷ್ಯ!

2021ರಲ್ಲಿ ಆರನ್ ತೀರಿಕೊಂಡ ಮೇಲೆ ಜಾಕ್ಸನ್‌ವಿಲ್ಲೆಯ ಆ ಹಳೆಯ ಮೈದಾನಕ್ಕೆ ಅವರ ಹೆಸರಿಟ್ಟರು. ಒಳ್ಳೆಯ ಕೆಲಸ. ನನ್ನ ತಕರಾರು ಈ ಕಥೆ ಹೇಳುವವರ ಮೇಲೆ. ಸಾಮಾನ್ಯವಾಗಿ ಹೇಗೆ ಹೇಳುತ್ತಾರೆ ನೋಡಿ: ಬಡ ಹುಡುಗ, ಸಣ್ಣ ಊರು, ಕಷ್ಟ, ಆಮೇಲೆ 755. ಕಷ್ಟವೆಲ್ಲ ಗೆಲುವಿಗೆ ಮೆಟ್ಟಿಲಾಯಿತು ಅನ್ನುವ ಹಾಗೆ. ಹಾಗಾದರೆ ಗಾರ್ನರ್ ಕಥೆ ಏನು? ಮಾಂಟಿಯಾ 1956ರಲ್ಲಿ ಮಿಲ್ವಾಕಿ ಬ್ರೇವ್ಸ್ ಸೇರಿದರು, ಆರನ್ ಜೊತೆ 1957ರ ವರ್ಲ್ಡ್ ಸೀರೀಸ್, ಅಂದರೆ ದೊಡ್ಡ ಲೀಗ್‌ನ ಅಂತಿಮ ಸರಣಿ, ಆಡಿದರು. ಗಾರ್ನರ್ ವರ್ಷಗಟ್ಟಲೆ ಮೈನರ್ ಲೀಗ್‌ನಲ್ಲೇ ಆಡಿದರು, ದೊಡ್ಡ ಲೀಗ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಅವರು ಕೇಳಿದ್ದೂ ಅದೇ ಬೈಗುಳ, ಉಂಡದ್ದೂ ಅದೇ ಬಸ್ಸಿನಲ್ಲಿ.

ಆ ಅವಮಾನದಿಂದ ಯಾರೂ ದೊಡ್ಡವರಾಗಲಿಲ್ಲ. ಆರನ್ ಬೆಳೆದದ್ದು ಅದರ ಹೊರತಾಗಿಯೂ. ಹಾಗಾಗಿ 1953ನ್ನು ನೆನೆಯುವ ಯಾವ ಸಮಾರಂಭದಲ್ಲೂ, ಯಾವ ಫಲಕದಲ್ಲೂ ಮೂರು ಹೆಸರೂ ಒಂದೇ ಅಕ್ಷರಗಾತ್ರದಲ್ಲಿ ಬರಬೇಕು. ಇವರಿಗೆ ಹಾಸಿಗೆ, ಊಟ ಕೊಟ್ಟ ಮನೆಗಳು ಯಾವುದಾವುದು ಅಂತ ಆಯಾ ಊರಿನವರು ಹುಡುಕಿ ಬರೆದಿಡಬೇಕು. ಅಟ್ಲಾಂಟಾ, ಜಾಕ್ಸನ್‌ವಿಲ್ಲೆ ಕಡೆ ಇರುವ ಕನ್ನಡಿಗರು ಇದನ್ನು ಕೇಳುತ್ತಿದ್ದರೆ, ಮಕ್ಕಳಿಗೆ ಆರನ್ ಕಥೆ ಹೇಳುವಾಗ ಹೊರೇಸ್ ಗಾರ್ನರ್ ಅವರ ಹೆಸರನ್ನೂ ದಯವಿಟ್ಟು ಸೇರಿಸಿ.